ಚಂದುವಿನ ಪಥ್ಯ

ಜೂನ್ 3, ಬೆಳಿಗ್ಗೆ 6
ಪಥ್ಯದ ಹದಿನೈದನೇ ದಿನ. ಚಂದುಗೆ ಮತ್ತೆ ಲೂಸ್ ಮೋಷನ್. ಲೋಳೆ ಬೇರೆ. ತೂಕ ಹನ್ನೊಂದೂವರೆ ಕೆಜಿ — ಇನ್ನೂ ಇಳಿದಿದ್ದಾನೆ. ನಾಯಿಗೆ ಕರುಳಿನ ಹಳೇ ಊತ. ಡಾಕ್ಟರ್ ಶ್ರೀಯಾ ಹೇಳಿದ್ದು ಒಂದೇ: ಆರು ವಾರ ಪಥ್ಯದ ಪ್ಯಾಕೆಟ್, ನೀರು. ಬೇರೆ ಚೂರೂ ಬಾಯಿಗೆ ಬೀಳಬಾರದು. ಅಳೆದೇ ಹಾಕುತ್ತಿದ್ದೇನೆ. ಮತ್ಯಾಕೆ?

ಜೂನ್ 5
ವಾಚ್‌ಮನ್ ಭೋಜರಾಜನ ಮೇಲೆ ಹರಿಹಾಯ್ದೆ. ಬಿಸ್ಕೆಟ್ ಹಾಕ್ತಿದ್ದೀಯಾ ಅಂತ. "ಸತ್ಯಮಾ ಇಲ್ಲ ಸಾರ್!" ಅಂತ ತಮಿಳಲ್ಲಿ ಆಣೆ ಇಟ್ಟ. ಕಣ್ಣಲ್ಲಿ ನೀರು. ನನ್ನವಳು ದಾಕ್ಷಾಯಿಣಿ ಬಾಲ್ಕನಿಯಿಂದ ನೋಡುತ್ತಿದ್ದಳು. ಅವಳನ್ನೂ ಕೇಳಿದೆ.
"ಶಿವನಾಣೆ, ನಾನೇನೂ ತಿನ್ಸಿಲ್ಲ ರೀ."
ಮೂವತ್ತೆರಡು ವರ್ಷದ ಸಂಸಾರ. ನಂಬಿದೆ.

ಜೂನ್ 11
"ಅಂಕಲ್, ಪಥ್ಯಕ್ಕೆ ಬಗ್ಗದಿದ್ರೆ ಸ್ಟೀರಾಯ್ಡ್. ಅದಕ್ಕೂ ಬಗ್ಗದಿದ್ರೆ…" ಡಾಕ್ಟರ್ ಚಂದುವಿನ ಬೆನ್ನು ಸವರಿದಳು.

ಜೂನ್ 12, ಬೆಳಿಗ್ಗೆ 7.30
ಎಲಿಯಟ್ಸ್ ಬೀಚಿಗೆ ವಾಕಿಂಗ್ ಹೊರಟವನು ಕನ್ನಡಕ ಮರೆತು ವಾಪಸ್ ಬಂದೆ. ಪೂಜೆಯ ಗಂಟೆ. ಏಳಲಾರದ ಚಂದು ದೇವರ ಮನೆಗೆ ಓಡಿದ. ದಾಕ್ಷಾಯಿಣಿ ಎಡೆಯ ಹಾಲನ್ನು ಅಂಗೈಗೆ ಸುರಿದು ಅವನಿಗೆ ನೆಕ್ಕಿಸಿದಳು. ಬಾಳೆಹಣ್ಣು ಬೇರೆ.
"ಏನೂ ತಿನ್ಸಿಲ್ಲ ಅಂದ್ಯಲ್ಲೇ!"
"ಪ್ರಸಾದ ಕಣ್ರೀ. ಪ್ರಸಾದ ತಿಂಡಿ ಆಗುತ್ತಾ? ಅದ್ರಿಂದ ಕೇಡಾಗುತ್ತಾ?"
ದಿನಾ ಕೊಟ್ಟಿದ್ದಾಳೆ. ದಿನಾ! ಭೋಜರಾಜ ಬೈಸಿಕೊಳ್ಳುವಾಗ ನಿಂತು ನೋಡಿದಳು. ಊರೆಲ್ಲ ಕಾವಲು ಕಾದೆ, ಬೇಲಿಯೇ ಎದ್ದು ಹೊಲ ಮೇಯಿತು.

ಜೂನ್ 13
ಭೋಜರಾಜನ ಕೈ ಹಿಡಿದು ತಪ್ಪಾಯ್ತು ಅಂದೆ. ದಾಕ್ಷಾಯಿಣಿ ವಿಭೂತಿ ಮುಟ್ಟಿ ಮಾತು ಕೊಟ್ಟಳು. ಪಥ್ಯ ಮತ್ತೆ ಒಂದನೇ ದಿನದಿಂದ.

ಜೂನ್ 30
ಗಟ್ಟಿ! ನಾಲ್ಕು ದಿನದಿಂದ ಗಟ್ಟಿ. ತೂಕ ಮುನ್ನೂರು ಗ್ರಾಂ ಏರಿದೆ. ಅವಳಿಗೆ ಎರಡು ಮೊಳ ಮಲ್ಲಿಗೆ ತಂದೆ. ಎಷ್ಟು ದಿನ ಮುಖ ಗಂಟು ಹಾಕಿಕೊಂಡಿರಲಿ.

ಜುಲೈ 8, ಬೆಳಿಗ್ಗೆ 8
ರಕ್ತ. ಭೇದಿ ನೀರಿನ ಹಾಗೆ. ಚಂದು ಮೂಲೆಯಲ್ಲಿ ಬಿದ್ದಿದ್ದಾನೆ. ಅವನ ಗಡ್ಡ ಮೂಸಿದೆ — ಏಲಕ್ಕಿ, ತುಪ್ಪ.
"ಉಷಾರಾದ್ರೆ ಪಾಯಸ ಎಡೆ ಹಿಡಿತೀನಿ ಅಂತ ಹರಕೆ ಹೊತ್ತಿದ್ದೆ ರೀ. ಉಷಾರಾದ್ನಲ್ಲ. ಅವನ ಹರಕೆ… ಅವನಿಗೇ ಕೊಡ್ದಿದ್ರೆ ಹ್ಯಾಗೆ?"
ಅಳುತ್ತಿದ್ದಾಳೆ. ಮತ್ತೆ ಮೋಸ ಮಾಡಿದಳು. ಅದೂ ಪ್ರೀತಿಯಿಂದ.

8.20
ಡಾಕ್ಟರಿಗೆ ಫೋನ್ ಮಾಡಿದೆ. ಸ್ಪೀಕರಲ್ಲಿ. ದಾಕ್ಷಾಯಿಣಿ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.
"ಅಂಕಲ್, ನಿಜ ಹೇಳಿ. ಹೊರಗಿಂದು ಏನಾದ್ರೂ ತಿಂದ್ನಾ? ಏನೂ ತಿಂದಿಲ್ಲಾಂದ್ರೆ ಪಥ್ಯ ಫಲಿಸಿಲ್ಲ ಅಂತ, ಇವತ್ತೇ ಸ್ಟೀರಾಯ್ಡ್ ಶುರು ಮಾಡ್ಬೇಕಾಗುತ್ತೆ."
ಚಂದು ತಲೆ ಎತ್ತಿದ. ನಾನು ಹೇಳಿದೆ — "ಇಲ್ಲಮ್ಮ, ಏನೂ ತಿನ್ಸಿಲ್ಲ." ದಾಕ್ಷಾಯಿಣಿಯ ಅದೇ ಸುಳ್ಳು, ಈಗ ನನ್ನ ಬಾಯಲ್ಲಿ.