ಅಮ್ಮನ ಗಂಟಲಿಗೊಬ್ಬ ಡಾಕ್ಟರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶನಿವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಹೊಸ ಮಿಲ್ಲಿನ ಕೋಣೆಯಲ್ಲಿ ಗಾಳಿ ಬೆಳಕು ಇದೆಯೋ, ಇಲ್ಲಾ ಅಲ್ಲೂ ಒಂದೇ ಹಾಸಿಗೆಯನ್ನು ಪಾಳಿಯ ಮೇಲೆ ಇಬ್ಬರಿಗೆ ಕೊಡುತ್ತಾರೋ? ಬೆನ್ನುನೋವು ಹೇಗಿದೆ? ನೀನು ಬರೆಯುವುದಿಲ್ಲ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ನಾನು ಅದೇ ಪ್ರೆಸ್ಸಿನಲ್ಲಿ ಕರಪತ್ರ ಮಡಿಸುತ್ತಿದ್ದೇನೆ, ಮಡಿಸುವ ಮೊದಲು ಓದುತ್ತೇನೆ, ಮಾಲೀಕರಿಂದ ಬೈಸಿಕೊಳ್ಳುತ್ತೇನೆ. ಅಷ್ಟರಮಟ್ಟಿಗೆ ಇಲ್ಲಿ ಎಲ್ಲ ಹಾಗೇ ಇದೆ. ಅಮ್ಮನ ವಿಷಯ ಮಾತ್ರ ಹಾಗಿಲ್ಲ.

ಅಮ್ಮನ ದನಿ ಹೋಗಿದೆ. ಯಾವಾಗ ಹೋಯಿತೆಂದು ನಮಗೆ ಯಾರಿಗೂ ಗೊತ್ತಿಲ್ಲ, ನಾಚಿಕೆಯ ಮಾತು ಅದೇ. ಮಗ್ಗದ ಶೆಡ್ಡಿನವರ ಸಂಸಾರ ನಿನಗೆ ಹೇಳಬೇಕೇ? ಆ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ದನಿಯಿಲ್ಲದೆ ಬರೀ ತುಟಿ ಆಡಿಸುತ್ತೀರಿ, ಮನೆಗೆ ಬಂದರೂ ಅದೇ ಚಾಳಿ. ನೀನಿದ್ದಾಗ ನೀವಿಬ್ಬರೂ ಒಂದು ಚೂರು ಸದ್ದಿಲ್ಲದೆ ಜಗಳವಾಡುತ್ತಿದ್ದಿರಿ, ಪಕ್ಕದ ಮನೆಯವರು ಎಂಥ ಅನ್ಯೋನ್ಯ ದಂಪತಿ ಎಂದುಕೊಂಡಿದ್ದರು. ಹಾಗಾಗಿ ಅಮ್ಮ ತುಟಿಯಲ್ಲೇ ಮಾತಾಡಿದರೆ ಅಭ್ಯಾಸಬಲ ಎಂದುಕೊಂಡೆ. ಶೆಡ್ಡಿನಲ್ಲೂ ಯಾರಿಗೂ ತಿಳಿಯಲಿಲ್ಲ. ಆಮೇಲೊಂದು ದಿನ ಸ್ಟೂಲಿನ ಮೇಲೆ ನಿಂತು ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದೆ, ಸ್ಟೂಲಿನ ಕಾಲು ಕಳಚಿತು, ಧೊಪ್ಪೆಂದು ಬಿದ್ದೆ. ಹಿಂದೆಯೇ ನಿಂತಿದ್ದ ಅಮ್ಮನ ಮೇಲೆ ರೇಗಿದೆ, ನೋಡ್ತಾ ನಿಂತಿದ್ದೀಯಲ್ಲ, ಒಂದು ಮಾತು ಕೂಗಬಾರದಿತ್ತಾ ಎಂದು. ಅವಳ ಬಾಯಿ ಇನ್ನೂ ತೆರೆದೇ ಇತ್ತು. ಕತ್ತಿನ ನರ ಉಬ್ಬಿತ್ತು. ತುಟಿ ಆಡಿಸಿದಳು: "ಕೂಗಿದೆನಲ್ಲೇ."

ಮೊದಲು ಪೇಟೆ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹತ್ತಿಧೂಳಿನ ವಿರುದ್ಧ ಸಭೆಗಳಲ್ಲಿ ಮಾತಾಡುತ್ತಾರಲ್ಲ, ಅವರೇ. ನಮ್ಮ ಕಡೆಯ ಮನುಷ್ಯ, ಅಂದಮೇಲೆ ಒಳ್ಳೆಯ ಡಾಕ್ಟರು ಎಂದು ಲೆಕ್ಕ ಹಾಕಿದ್ದೆ. ಹಬೆ, ಮಾತ್ರೆ, ಗಂಟಲಿಗೆ ವಿಶ್ರಾಂತಿ ಎಂದರು. ಗುಣವಾಗದೆ ಮತ್ತೆ ಹೋದಾಗ ಪುಟ್ಟ ಕನ್ನಡಿ ಹಿಡಿದು ತುಂಬ ಹೊತ್ತು ನೋಡಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದು ಗಡ್ಡೆ ಕಣಮ್ಮ. ಮೊದಲ ಸಲವೇ ಒಳಗೆ ನೋಡಬೇಕಿತ್ತು, ನೋಡಲಿಲ್ಲ. ಇದಕ್ಕೆ ಪಳಗಿದ ಕೈ ಬೇಕು, ನನ್ನದಲ್ಲ." ಪಳಗಿದ ಕೈ ಯಾರದು ಎಂದರೆ ಮುಖ ತಿರುಗಿಸಿ ಇಲ್ಲಿನ ನಮ್ಮ ಮಿಲ್ಲಿನ ಡಾಕ್ಟರ ಹೆಸರು ಹೇಳಿದರು. ಬೇರೆ ಯಾರೂ ಇಲ್ಲವೇ ಎಂದು ಜಗಳವಾಡಿದೆ. ನಿನ್ನ ಕಿವಿ ಪೂರ್ತಿ ಹೋದಮೇಲೂ, ಮಿಲ್ಲು ಪರಿಹಾರ ಕೊಡಬೇಕಾಗದಂತೆ "ಶ್ರವಣ ಸರಿಯಿದೆ" ಎಂದು ಬರೆದುಕೊಟ್ಟ ಮನುಷ್ಯ ಆ ಮಿಲ್ಲಿನ ಡಾಕ್ಟರು. ಅವನ ಬಾಗಿಲು ತುಳಿದರೆ ನನ್ನ ಹೆಣ ತುಳಿದ ಹಾಗೆ ಎಂದು ನೀನು ಹೇಳಿ ಹೋದದ್ದು ನನಗೆ ಮರೆತಿಲ್ಲ.

ಅದಕ್ಕೇ ಗಾಜಿನ ಗೋಡೆಯ ಆ ದೊಡ್ಡ ಖಾಸಗಿ ಆಸ್ಪತ್ರೆಗೆ ಹೋದೆ. ಅಲ್ಲಿನ ಕಿವಿ ಮೂಗು ಗಂಟಲು ತಜ್ಞರು ಕಂಪ್ಯೂಟರಿನಿಂದ ತಲೆಯೆತ್ತದೆ ದನಿ ಖಂಡಿತ ಉಳಿಸುತ್ತೇವೆ ಎಂದರು. ರೋಗಿಗಳ ಹಕ್ಕಿನ ಬಗ್ಗೆ ನಾವೇ ಅಚ್ಚು ಹಾಕಿದ ಕರಪತ್ರದಲ್ಲಿದ್ದಂತೆ ಕೇಳಿದೆ: ಇಂಥ ಆಪರೇಷನ್ ನೀವೇ ಎಷ್ಟು ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ ಬದುಕಿದ್ದಾರೆ, ದನಿ ಉಳಿಯದಿದ್ದರೆ ಮುಂದೇನು? "ಇದನ್ನೆಲ್ಲ ಯಾರು ಹೇಳಿಕೊಟ್ಟು ಕಳಿಸಿದರು?" ಎಂದು ನಕ್ಕರು. ಅಮ್ಮ ನನ್ನ ಮೊಣಕೈ ಹಿಡಿದೆಳೆದು ತುಟಿಯಲ್ಲೇ, "ಏಳು. ಈ ಪುಣ್ಯಾತ್ಮ ನನ್ನ ಮುಖವನ್ನೇ ನೋಡಿಲ್ಲ, ಗಂಟಲು ಎಲ್ಲಿ ನೋಡ್ತಾನೆ" ಎಂದಳು.

ಕೊನೆಗೆ ಮಿಲ್ಲಿನ ಡಾಕ್ಟರ ಹತ್ತಿರವೇ ಹೋದೆವು ಅಪ್ಪಾ. ಬೈಯಲು ಒಂದು ಇಡೀ ಭಾಷಣ ಕಟ್ಟಿಕೊಂಡು ಹೋಗಿದ್ದೆ. ಅವರು ಕುರ್ಚಿ ಎಳೆದು ಅಮ್ಮನಿಗೆ ಎದುರಾಗಿ ಕೂತರು, ಮುಖದ ಮೇಲೆ ಬೆಳಕು ಬೀಳುವ ಹಾಗೆ ದೀಪ ತಿರುಗಿಸಿಕೊಂಡರು, ದನಿ ತೆಗೆಯದೆ ತುಟಿಯನ್ನು ನಿಧಾನವಾಗಿ ಆಡಿಸಿ, ಯಾವಾಗಿನಿಂದ, ನುಂಗುವಾಗ ನೋವಿದೆಯಾ ಎಂದು ಕೇಳಿದರು. ನಮ್ಮ ಶೆಡ್ಡಿನವರ ಹಾಗೆಯೇ! ಅಮ್ಮನಿಗೆ ಒಂದು ಪದವೂ ತಪ್ಪಲಿಲ್ಲ. ನನ್ನ ಮೈಯೆಲ್ಲ ಉರಿಯಿತು. ಮಿಲ್ಲಿನವರೆಲ್ಲರ ಕಿವಿ ಸರಿಯಿದೆ ಎಂದು ಬರೆದವರಿಗೆ ಈ ತುಟಿಮಾತು ಎಲ್ಲಿಂದ ಬಂತು? ಕೇಳಿಯೇಬಿಟ್ಟೆ. ಅವರು ಕೈ ತೊಳೆಯಲು ಎದ್ದುಹೋದರು. ಕರಪತ್ರದ ಪ್ರಶ್ನೆಗಳಿಗೆ ಮಾತ್ರ ಒಂದೊಂದಾಗಿ ಉತ್ತರ ಕೊಟ್ಟರು. ತಾವು ಮಾಡಿದ್ದು ಎಷ್ಟು, ಬದುಕಿದವರು ಎಷ್ಟು, "ನನ್ನ ಟೇಬಲ್ಲಿನ ಮೇಲೆ ಹೋದವರೂ ಇದ್ದಾರೆ." ದನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಕತ್ತಿನಲ್ಲೊಂದು ತೂತು ಉಳಿಯುತ್ತದೆ, ಉಸಿರಾಟ ಅದರಲ್ಲೇ, ಜೀವ ಉಳಿಯಬಹುದು, ಖಂಡಿತ ಎನ್ನಲಾರೆ ಎಂದರು.

ಗೊತ್ತಿದ್ದೂ ಸುಳ್ಳು ಬರೆದ ಕೈ ಅದು. ಅಮ್ಮನ ಗಂಟಲಿಗೆ ಈ ಊರಿನಲ್ಲಿರುವ ಕೈಯೂ ಅದೊಂದೇ. ಇವೆರಡನ್ನು ಒಟ್ಟಿಗೆ ಹೇಗೆ ನುಂಗಬೇಕೆಂದು ನಾನು ಮಡಿಸಿದ ಯಾವ ಕಾಗದದಲ್ಲೂ ಬರೆದಿಲ್ಲ. ಬರುವ ದಾರಿಯಲ್ಲಿ ನಾನು ಅತ್ತುಬಿಟ್ಟೆ. ಅಮ್ಮ ಅಳಲಿಲ್ಲ. "ಮೊದಲು ಹೊಲಿಗೆ ನೆಟ್ಟಗೆ ಹಾಕಲಿ, ಆಮೇಲೆ ನೀನು ಹೋಗಿ ಅವನ ಗ್ರಹಚಾರ ಬಿಡಿಸು, ನಾನು ಅಡ್ಡ ಬರಲ್ಲ" ಎಂದಳು. ಬಿಡಿಸುತ್ತೇನೆ. ಆ ಸುಳ್ಳು ಸರ್ಟಿಫಿಕೇಟುಗಳನ್ನು ನಾನು ಬಿಡುವವಳಲ್ಲ. ಆದರೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದೇನೆ. ನೀನು ಬೈಯುವುದಿದ್ದರೆ ನನ್ನನ್ನು ಬೈ, ಅವಳನ್ನಲ್ಲ.

ಮೈ ಹುಷಾರು. ಊಟ ಬಿಡಬೇಡ. ನಿನ್ನ ಕೋಣೆಯವರಿಗೆಲ್ಲ ನನ್ನ ನಮಸ್ಕಾರ.

ನೀನಿಟ್ಟ ಅಡ್ಡಹೆಸರಿನ,
ನಿನ್ನ ಭಾಷಣ

ಇನ್ನೊಂದು, ಟಪಾಲಿನ ಹೊತ್ತಾಯಿತು: ಆಪರೇಷನ್ ಗುರುವಾರ ಬೆಳಿಗ್ಗೆ. ಬುಧವಾರದೊಳಗೆ ಹೇಗಾದರೂ ಬಾ. ತುಂಬ ತ್ರಾಸಪಟ್ಟರೆ ಅಮ್ಮನ ಗಂಟಲಿನಿಂದ ಇನ್ನೂ ಒಂಚೂರು ದನಿ ಬರುತ್ತದೆ, ಅದನ್ನು ಯಾರ ಮೇಲೂ ಖರ್ಚು ಮಾಡದೆ ಇಟ್ಟುಕೊಂಡಿದ್ದಾಳೆ. ನಿನಗೆ ಕೇಳುವುದಿಲ್ಲವೆಂದು ಅವಳಿಗೂ ಗೊತ್ತು. ನಿನ್ನ ಅಂಗೈಯನ್ನು ಕತ್ತಿನ ಮೇಲೆ ಇಡಿಸಿಕೊಂಡು ಹೇಳುತ್ತಾಳಂತೆ, ಅದುರುವುದಾದರೂ ತಿಳಿಯಲಿ ಎಂದು.