ಅರವತ್ತೊಂದನೆಯ ಸೂಜಿ

ಇಲೋಯ್ಲೋ
ಜೂನ್ ೧೪, ೨೦೧೯

ನನ್ನ ಇಂದಾಯ್, ಮುದ್ದುಮಗಳು ಜೋವೆಲಿನ್‌ಗೆ ಅಮ್ಮನ ಮುತ್ತುಗಳು.

ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯಲಿಲ್ಲ, ಫೋನಿನಲ್ಲೂ ‘ಊಟ ಆಯ್ತಾ’ ಎಂಬಲ್ಲಿಗೆ ಮಾತು ಮುಗಿಸಿದೆ. ಸಿಟ್ಟಾಗಬೇಡ. ಸೆಬುವಿನಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಹೇಳುವ ಟೀಚರಮ್ಮನಿಗೆ ಬರೆಯಬೇಕೆಂದರೆ ನನಗೂ ಧೈರ್ಯ ಬೇಕಲ್ಲ. ಮೊದಲು ಸಿಹಿ ಸುದ್ದಿ ಹೇಳುತ್ತೇನೆ. ಗೆದ್ದೆವು ಮಗಳೇ. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಬಟ್ಟೆ ಒಗೆದ ನಿನ್ನ ಅಮ್ಮ ಮೊದಲ ಸಲ ಗೆದ್ದಿದ್ದಾಳೆ.

ವಾರ್ಡಿನಿಂದ ಬರುವ ಬಟ್ಟೆಗಂಟುಗಳಲ್ಲಿ ಸೂಜಿ ಸಿಗುವುದು ನಿನಗೆ ಗೊತ್ತು. ಗಂಟು ಕಟ್ಟಿದ ನರ್ಸಿನ ಹೆಸರು ಅದರ ಚೀಟಿಯಲ್ಲಿರುತ್ತದೆ. ನಾವು ದೂರು ಕೊಟ್ಟರೆ ಆ ಹುಡುಗಿಗೆ ಮೆಮೊ. ಅದಕ್ಕೇ ಲಾಂಡ್ರಿಯಲ್ಲಿ ನಮ್ಮದೇ ಪದ್ಧತಿಯೊಂದಿತ್ತು. ಚುಚ್ಚಿದರೆ ರಕ್ತ ಹಿಂಡು, ವಿನೆಗರ್ ಸುರಿ, ಚೀಟಿ ಹರಿ, ಸೂಜಿಯನ್ನು ಕಾಫಿ ಬಾಟಲಿಗೆ ಹಾಕಿ ಬಾಯಿ ಮುಚ್ಚಿಕೊ. ಪಾಪ, ಯಾರದೋ ಮಗಳು. ಅವಳನ್ನು ಓದಿಸಲು ಮನೆಯವರು ಎಮ್ಮೆ ಮಾರಿರುತ್ತಾರೆ.

ಹೋದ ತಿಂಗಳ ಸಭೆಯಲ್ಲಿ ನಾವು ಮೊಣಕೈವರೆಗಿನ ದಪ್ಪ ಗ್ಲೌಸು ಕೇಳಿದೆವು. ಮೇಲ್ವಿಚಾರಕ ವಿಲ್ಯಾರೂಸ್ ಸರ್ ನಕ್ಕುಬಿಟ್ಟರು.

“ಏಳು ವರ್ಷದ ಕಾಗದ ಎಲ್ಲಾ ನೋಡಿದೀನಿ. ಲಾಂಡ್ರಿಯಿಂದ ಸೂಜಿ ಚುಚ್ಚಿದ ದೂರು ಒಂದೂ ಇಲ್ಲ. ಗ್ಲೌಸು ಯಾಕಮ್ಮ, ಕೈ ಬೆಚ್ಚಗಿರ್ಲಿ ಅಂತಾನಾ?”

ನನ್ನ ಜೊತೆ ಬಟ್ಟೆ ಒಗೆಯುವ ಲೋಲೆಂಗ್‌ಗೆ ಲಿವರಿನ ಸೋಂಕು ಅಂಟಿದಾಗಲೂ ಹೀಗೇ ‘ದೂರೇ ಇಲ್ಲ, ಇಲ್ಲಿ ಅಂಟಿದ್ದಲ್ಲ’ ಎಂದಿದ್ದರು. ನನಗೆ ಮೈ ಉರಿಯಿತು. ಚೀಲದಿಂದ ಬಾಟಲಿ ತೆಗೆದು ಅವರ ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲೇ ಇಟ್ಟೆ.

“ದೂರು ಇದರಲ್ಲಿದೆ ಸರ್. ಅರವತ್ತಿವೆ. ಎಣಿಸ್ಕೊಳ್ಳಿ.”

“ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ನೀವು ಸೂಜಿ ಬಿಟ್ಟು ಹುಡುಗೀರನ್ನ ಹಿಡ್ಕೊಳ್ತೀರಲ್ಲ, ಅದಕ್ಕೆ. ಹೆಸರು ಕೇಳೋದು ನಿಲ್ಸಿ, ಎಲ್ಲಾ ಹೇಳ್ತೀವಿ.”

ಹಿರಿಯ ನರ್ಸ್ ಗೊರಿಸೆಟಾ ಮ್ಯಾಡಂ ಬಾಟಲಿಯನ್ನು ಕೈಗೆತ್ತಿಕೊಂಡು, “ಇದರಲ್ಲಿ ನಂದೂ ಒಂದಿರಬಹುದು” ಎಂದರು. ಸಭೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ನಿಂತು ತಟ್ಟಿಸಿಕೊಂಡೆ.

ಈಗ ಮೆಮೊ ಇಲ್ಲ. ವಾರ್ಡಿಗೊಂದು ಹಳದಿ ಡಬ್ಬಿ, ನಮಗೆ ಗ್ಲೌಸು, ಚುಚ್ಚಿದರೆ ಅದೇ ದಿನ ಸೋಂಕು ತಡೆಯುವ ಇಂಜೆಕ್ಷನ್. ಲೋಲೆಂಗ್‌ಳ ಔಷಧಿ ಖರ್ಚು ಆಸ್ಪತ್ರೆಯದೇ. ಸಿಕ್ಕ ಸೂಜಿಗಳ ಲೆಕ್ಕದ ಪುಸ್ತಕ ಬರೆಯುವ ಮೇಜು ಕೂಡ ಅವಳದೇ. ರಾಣಿಯ ಹಾಗೆ ಕೂತು, “ಏಯ್, ಗ್ಲೌಸು ಹಾಕ್ದೇ ಗಂಟು ಮುಟ್ಟಿದ್ರೆ ನೋಡು” ಎಂದು ನನ್ನನ್ನೇ ಗದರುತ್ತಾಳೆ. ಹಬ್ಬ ಮಾಡೋಣವೆಂದು ಪಾನ್ಸಿತ್ ತಂದೆವು. ಅದರ ಶ್ಯಾವಿಗೆ ಉದ್ದ ಇದ್ದಷ್ಟೂ ರೋಗಿಗಳ ಸಾಲು ಉದ್ದವಾಗುತ್ತದೆ ಎಂದು ನರ್ಸುಗಳು ಬೊಬ್ಬೆ ಹಾಕಿ ನಮ್ಮನ್ನು ಗೇಟಿನಾಚೆ ಅಟ್ಟಿದರು. ಜೀಪ್ನಿ ಬಸ್ಸು ನಿಲ್ಲುವ ಕಡೆ ನಿಂತೇ ತಿಂದೆವು. ಅಷ್ಟು ರುಚಿಯಾಗಿ ನಾನು ಯಾವತ್ತೂ ಉಂಡಿಲ್ಲ.

ನೀನು ಕಳಿಸಿದ ಒಣಮಾವು ಲೋಲೆಂಗ್‌ಗೆ ತಲುಪಿತು. ಎಲ್ಲರಿಗೂ ಹಂಚಿದಳು. ದೇವರು ನಿನ್ನನ್ನೂ ನಿನ್ನ ಕೈಗಳನ್ನೂ ಕಾಪಾಡಲಿ.

ನಿನ್ನ ಅಮ್ಮ,
ಪೆತ್ರಾ

ತಾ.ಕ.: ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ, ಇದಕ್ಕಾಗಿಯೇ ಪತ್ರ ತಡವಾದದ್ದು. ಸೂಜಿಗಳು ಒಟ್ಟು ಅರವತ್ತೊಂದು. ಒಂದನ್ನು ನಾನು ಹೊಲಿಗೆ ಡಬ್ಬಿಯಲ್ಲಿಟ್ಟಿದ್ದೆ. ಏಳು ವರ್ಷದ ಹಿಂದೆ, ನೀನು ಇಲ್ಲೇ ವಾರ್ಡಿನಲ್ಲಿ ನರ್ಸಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಲೋಲೆಂಗ್‌ಗೆ ಚುಚ್ಚಿದ್ದು ಅದು. ಚೀಟಿಯಲ್ಲಿ ನಿನ್ನ ಹೆಸರಿತ್ತು. “ಹಿಂಡ್ಕೊಂಡುಬಿಡು, ಪಾಪ, ಯಾರದೋ ಮಗಳು” ಎಂದು ಚೀಟಿ ಹರಿದವಳು ನಾನೇ. ಪದ್ಧತಿ ಶುರುವಾದದ್ದು ಅಲ್ಲಿಂದ. ಅವತ್ತೇ ಬಾಯಿ ಬಿಟ್ಟಿದ್ದರೆ ಅವಳಿಗೆ ಇಂಜೆಕ್ಷನ್ ಸಿಗುತ್ತಿತ್ತು.

ಚಪ್ಪಾಳೆ ಕೇಳಿದ ಮೇಲೆ ತಡೆಯಲಾಗಲಿಲ್ಲ. ಮಾರನೆಯ ದಿನವೇ ಅವಳಿಗೆ ಹೇಳಿದೆ. ದಿಂಬಿನ ಚೀಲ ಮಡಚುತ್ತಲೇ ಅಂದಳು, “ಗಂಟು ಬಿಚ್ಚಿದವಳೇ ನಾನಲ್ವಾ ಅಕ್ಕಾ. ನಂಗೆ ಓದಕ್ಕೆ ಬರಲ್ಲ ಅಂದ್ಕೊಂಡಿದ್ರಾ?”

“ಗೊತ್ತಿದ್ದೂ ಸುಮ್ನಿದ್ಯಾ?”

“ನೀವು ಹೇಳ್ತೀರಾ ಅಂತ ಕಾಯ್ತಿದ್ದೆ.”

ನಿನ್ನೆ ಆ ಸೂಜಿಯನ್ನು ಹಳದಿ ಡಬ್ಬಿಗೆ ಹಾಕಿದೆ. ಪುಸ್ತಕದಲ್ಲಿ ಅವಳೇ ಬರೆದಳು: ತಾರೀಖು, ವಾರ್ಡು. ಹೆಸರು ಬರೆಯುವ ಜಾಗ ಈಗ ಅದರಲ್ಲಿಲ್ಲ. ಹೆಸರನ್ನು ನೀನೇ ಬಂದು ಅವಳಿಗೆ ಹೇಳಬೇಕು.