ಗೋಡೆಗೆ ಹೊಡೆದ ಕ್ಲಾಂಪು

ಜನವರಿ 9, ಶುಕ್ರವಾರ

ಎರಡು ಸ್ಕೂಟರಿನ ಹೆಡ್‌ಲೈಟ್ ಡೋಮ್, ಒಂದು ಮಡ್‌ಗಾರ್ಡ್ — ಪ್ರೈಮರ್ ಮುಗಿಯಿತು. ಮಧ್ಯಾಹ್ನ ಮನೆ ಮಾಲಕಿ ಬಂದರು. ಅವರ ಮನೆಗೂ ನಮ್ಮ ಸಾಲಿನ ಎರಡು ಖೋಲಿಗಳಿಗೂ ಒಂದೇ ಹಿಂಗೋಡೆ. ಗೋಡೆ ನಡುಗಿ ಅವರ ಶೋಕೇಸಿನ ಪಿಂಗಾಣಿ ದಿನವೆಲ್ಲ ಕಟಕಟ ಅನ್ನುತ್ತದಂತೆ. ಯಾರ ಮಷೀನು ಎಂದು ಹಿಂದಿಯಲ್ಲಿ ಕೇಳಿದರು.

ಪೇಂಟ್ ಹೊಡೆಯುವ ನನ್ನ ಕಂಪ್ರೆಸರ್ ಆಗಷ್ಟೇ ಗಾಳಿ ತುಂಬಿ ನಿಂತಿತ್ತು. ಪಕ್ಕದ ಖೋಲಿಯಲ್ಲಿ ಅಖ್ತರಬಾನು ಅಕ್ಕನ ಖಾರದ ಗಿರಣಿ ಗರಗರ ನಡೆದಿತ್ತು. ನಾನು ಕತ್ತು ಆ ಕಡೆ ತಿರುಗಿಸಿದೆ, ಅಷ್ಟೇ.

ಅಷ್ಟೇ ಎಂದು ಬರೆಯಲೂ ನಾಚಿಕೆ.

ಜನವರಿ 10

ಅಕ್ಕ ಬಂದಿದ್ದಳು. ಗಂಡನಿಲ್ಲ. ಖಾರದ ಪುಡಿ ಮಾಡಿ ಇಲ್ಲೇ ಗೋವಾದ ಕುಡಚಡೆ ಬಜಾರಿನಲ್ಲಿ ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ನಮಗೆ ಈ ಖೋಲಿ ಕೊಡಿಸಿದ್ದೂ ಆಕೆಯೇ.

"ಗುರುಲಿಂಗಣ್ಣಾರ, ನನ್ನ ಗಿರಣಿ ಅಷ್ಟ ತ್ರಾಸ ಕೊಡ್ತೈತೇನ್ರಿ? ಬಂದ್ ಮಾಡು, ಇಲ್ಲಾಂದ್ರ ಖೋಲಿ ಬಿಡು ಅಂದ್ರು ಮಾಲಕಿ."

"ಸ್ವಲ್ಪ ಆಗ್ತೈತ್ರಿ," ಅಂದೆ.

ಹಾಗೇ ಅಂದೆ. ಆಕೆಯ ಮುಖ ನೋಡಿಕೊಂಡೇ.

ಜನವರಿ 13

ಗಿರಣಿ ಹೋಯಿತು. ಅಕ್ಕನ ತಮ್ಮ ನವೀದ ಡಿಚೋಲಿಯಿಂದ ಟೆಂಪೊ ತಂದಿದ್ದ. ಮಾರಿಬಿಡುತ್ತಾನಂತೆ. ಎತ್ತಿ ಹೇರಲು ನಾನೂ ಕೈ ಹಚ್ಚಿದೆ... ಎಂಥ ಮನುಷ್ಯ ನಾನು. ನಾಳೆಯಿಂದ ಅಕ್ಕ ಹೋಟೆಲಿನಲ್ಲಿ ಪಾತ್ರೆ ತೊಳೆಯಲು ಹೋಗುತ್ತಾಳೆ.

ಮಧ್ಯಾಹ್ನ ಊಟಕ್ಕೆ ಬಡಿಸುತ್ತ ನನ್ನ ಹೆಂಡತಿ ದ್ರಾಕ್ಷಾಯಿಣಿ, "ಗ್ವಾಡಿ ನಡಗೂದು ನಮ್ಮ ಮಷೀನಿಂದ ಅಂತ ನಿಮಗ ಗೊತ್ತೈತಿ. ಹೋಗಿ ಹೇಳ್ರಿ," ಅಂದಳು. ನಮ್ಮನ್ನೇ ಬಿಡಿಸಿದರೆ ಎಲ್ಲಿಗೆ ಹೋಗುವುದು ಎಂದೆ. ಅವಳು ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಅದೇ ದಿನ, ಸಂಜೆ 4

ಕಂಪ್ರೆಸರ್ ನೋಡುತ್ತ ಕೂತೆ. ಅದರ ಕಬ್ಬಿಣದ ಪೈಪನ್ನು ಹಿಂಗೋಡೆಗೆ ಕ್ಲಾಂಪು ಹೊಡೆದು ಬಿಗಿದವನು ನಾನೇ. ಮಷೀನಿನ ನಡುಕವೆಲ್ಲ ಅಲ್ಲಿಂದಲೇ ಗೋಡೆಗೆ. ಕ್ಲಾಂಪು ಬಿಚ್ಚಿದೆ. ಪೈಪಿನ ಬದಲು ರಬ್ಬರ್ ಹೋಸ್. ನಾಲ್ಕೂ ಕಾಲಿನ ಕೆಳಗೆ ಗಣಿಯಲ್ಲಿ ಅದಿರು ಸಾಗಿಸುವ ಹಳೆ ರಬ್ಬರ್ ಬೆಲ್ಟಿನ ತುಂಡು, ಎರಡೆರಡು ಪದರ. ಚಾಲೂ ಮಾಡಿ ಗೋಡೆಗೆ ಅಂಗೈ ಇಟ್ಟೆ. ಏನೂ ಇಲ್ಲ.

ಅರ್ಧ ತಾಸಿನ ಕೆಲಸ. ಇದನ್ನು ಶುಕ್ರವಾರವೇ ಮಾಡಬಹುದಿತ್ತು.

ಜನವರಿ 19

ಐದು ದಿನ ಬರೆಯಲಿಲ್ಲ. ದಿನಾ ಹೇಳಬೇಕು ಎಂದುಕೊಂಡೆ, ದಿನಾ ಪೇಂಟ್ ಹೊಡೆದೆ.

ಮಾಲಕಿಗೆ ಖುಷಿ. ಪಿಂಗಾಣಿ ಸುಮ್ಮನಾಗಿದೆ, ಗಿರಣಿ ಹೋದದ್ದೇ ಎಲ್ಲ ಸರಿಹೋಯಿತು ಎಂದು ಅಕ್ಕನಿಗೂ ಹೇಳಿದ್ದಾರೆ. ನಾನು ಮಾಡಿದ ರಿಪೇರಿಯೇ ನನ್ನ ಸುಳ್ಳನ್ನು ಖರೇ ಮಾಡಿತು.

ಸಂಜೆ ಅಕ್ಕ ಬಾಗಿಲಲ್ಲಿ ನಿಂತಳು. ಪಾತ್ರೆ ತೊಳೆದು ತೊಳೆದು ಬೆರಳು ಬೆಳ್ಳಗೆ ಸುಕ್ಕಾಗಿದ್ದವು.

"ನೀವು ಅಂದದ್ದು ಖರೇ ಇತ್ತು ನೋಡ್ರಿ. ಗಿರಣಿ ಹೋತು, ಗ್ವಾಡಿ ನಡಗೂದು ನಿಂತ್ತು. ಇಷ್ಟ ದಿನ ನಿಮಗ ಭಾಳ ತ್ರಾಸ ಕೊಟ್ಟೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಒಳಗೆ ರೊಟ್ಟಿ ಬಡಿಯುತ್ತಿದ್ದ ದ್ರಾಕ್ಷಾಯಿಣಿಯ ಕೈ ನಿಂತಿತು. ಈಗ ಹೇಳಲೇಬೇಕು ಎಂದು ಎದ್ದೆ. ಬಾಯಿಯನ್ನೂ ತೆರೆದೆ.

"ಇರ್ಲಿ ಬಿಡ್ರಿ ಅಕ್ಕಾರ," ಅಂದೆ.

ಕ್ಷಮಿಸಿದವನ ಹಾಗೆ. ನಾನು, ಆಕೆಯನ್ನು —